ಲೇತಿನ ಮುಂದೆ ಕಾಕಾ

ವಡಗಾವಿಯ ನಮ್ಮ ಓಣಿಯ ಕಾಕಾ ಅವರ ಅಂಗೈಗೆರೆಗಳಲ್ಲಿ ಕಬ್ಬಿಣದ ಕರಿ ಕೂತುಬಿಟ್ಟಿತ್ತು; ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಕಬ್ಬಿಣದ ಸರಳನ್ನು ತಿರುಗಿಸಿ ಕೊರೆಯುವ ಲೇತಿನ ಮುಂದೆ ನಿಂತ ಕೂಡಲೇ ಆ ಕೈಯಿಂದ ಕೊರಳಿನ ಶಿವದಾರವನ್ನು ಕಂಕುಳಿಗೆ ಸರಿಸಿ, ಇಷ್ಟಲಿಂಗವನ್ನು ಬನಿಯನ್ನಿನೊಳಗೆ ಬಿಗಿಯಾಗಿ ಸೇರಿಸಿಕೊಳ್ಳುತ್ತಿದ್ದರು. ಲಿಂಗವನ್ನು ಮೈಯಿಂದ ಇಳಿಸುವಂತಿಲ್ಲ, ತಿರುಗುವ ಯಂತ್ರದ ಮುಂದೆ ಜೋತುಬಿಡುವಂತೆಯೂ ಇಲ್ಲ. ನಾನೂ ಲಿಂಗ ಕಟ್ಟಿಕೊಂಡವನೇ. ಆದರೆ ಗಣಿತದ ಮಾಸ್ತರನಿಗೆ ಅಂಥ ಸಣ್ಣ ವಿಷಯಕ್ಕೆಲ್ಲ ಬುದ್ಧಿ ಎಲ್ಲಿಂದ ಬರಬೇಕು?

ಹವ್ಯಾಸಕ್ಕೆಂದು ನಾನೊಂದು ಸಣ್ಣ ಲೇತ್ ಕೊಂಡಾಗ ಕಲಿಸಲು ಬಂದವರು ಈ ಕಾಕಾ. ಖಾನಾಪುರದ ವರ್ಕ್‌ಶಾಪಿನಲ್ಲಿ ಆಯುಷ್ಯ ಸವೆಸಿದ ಟರ್ನರ್. ಎಲ್ಲ ಕಲಿತೆ, ತುಂಡು ಕತ್ತರಿಸುವುದೊಂದೇ ಬರಲಿಲ್ಲ. ತಿರುಗುತ್ತಿರುವ ಸರಳಿನ ನಟ್ಟನಡುವಿನವರೆಗೆ ತೆಳ್ಳನೆಯ ಟೂಲನ್ನು ಇಳಿಸಬೇಕು. ಅದು ಕಿರುಚಿದ ಕೂಡಲೇ ನನ್ನ ಕೈ ಹಿಂದೆ ಸರಿಯುತ್ತಿತ್ತು. ಮತ್ತೆ ಒತ್ತಿದರೆ ಟೂಲ್ ಸಿಕ್ಕಿಬಿದ್ದು ಫಟ್ಟನೆ ಮುರಿಯುತ್ತಿತ್ತು.

"ಮಾಸ್ತರ್ರ, ಅಂಜಿ ಕೈ ತಗದ್ರ ಅದು ಬರೇ ತಿಕ್ಕತೈತಿ. ಒಂದ ಸಮ ಒತ್ತಕೋತ ಹೋಗ್ರಿ," ಅನ್ನುತ್ತಿದ್ದರು.

ಒಂದು ಭಾನುವಾರ ಮುಂಜಾನೆ, ಇವತ್ತು ಕೈ ತೆಗೆಯುವುದಿಲ್ಲವೆಂದು ಹಟ ಹಿಡಿದೆ. ಟೂಲ್ ಅರ್ಧ ಇಳಿದಿತ್ತು. ಸೀಳು ಎಷ್ಟು ಆಳವಾಯಿತೆಂದು ನೋಡಲು ಬಗ್ಗಿದೆ. ಅಂಗಿಯೊಳಗಿನ ಲಿಂಗ ಹೊರಗೆ ಜಾರಿ ತೂಗಾಡತೊಡಗಿದ್ದು ನನಗೆ ಗೊತ್ತೇ ಆಗಲಿಲ್ಲ. ಸರಳು ಹಿಡಿದು ತಿರುಗುತ್ತಿದ್ದ ಚಕ್‌ಗೂ ಅದಕ್ಕೂ ಗೇಣಿನಷ್ಟೂ ಅಂತರವಿರಲಿಲ್ಲ.

ಬಾಜುವಿನಲ್ಲಿದ್ದ ಕಾಕಾ ಕೂಗಲಿಲ್ಲ. ಅವರ ಕೈ ಮೆಲ್ಲಗೆ ನನ್ನ ಎದೆಯ ಕೆಳಗೆ ಬಂದು ಲಿಂಗವನ್ನು ದಾರಸಮೇತ ಮುಷ್ಟಿಯಲ್ಲಿ ಹಿಡಿಯಿತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ; ಅವರು ಅದನ್ನೆಲ್ಲ ನೋಡಲಿಲ್ಲ. "ಹಂಗ ನಿಂದರ್ರಿ. ಅಲ್ಲಾಡಬ್ಯಾಡ್ರಿ," ಎಂದು ಕಿವಿಯ ಹತ್ತಿರ ಪಿಸುಗುಟ್ಟಿದರು. ಇನ್ನೊಂದು ಕೈ ಸ್ವಿಚ್ಚಿಗೆ ಹೋಯಿತು. ಚಕ್ ಪೂರ್ತಿ ನಿಲ್ಲುವವರೆಗೂ ಮುಷ್ಟಿ ಬಿಡಲಿಲ್ಲ. ದಾರ ಸಿಕ್ಕಿದ್ದರೆ ನನ್ನ ಕುತ್ತಿಗೆಯ ಗತಿ ಏನೆಂದು ಹೊಳೆದದ್ದು ಆಗಲೇ.

"ಒದರಿದ್ರ ನಾನ ಸರೀತಿದ್ದೆ ಅಲ್ರೀ ಕಾಕಾ?"

ನೀರು ಕುಡಿದು ಹೇಳಿದರು: "ಖಾನಾಪುರದಾಗ ಲೇತಿನ ಮುಂದ ನನ್ನ ತಮ್ಮಂದೂ ಹಿಂಗ ಆಗಿತ್ತು. ಒದರಿದ್ದೆ. ಏನಂತ ಹೊಳ್ಳಿ ನನ್ನ ಕಡೆ ನೋಡಿದ. ಅಷ್ಟರಾಗ ದಾರ ಸಿಕ್ತು, ಅಂವಾ ಉಳೀಲಿಲ್ಲ. ಒದರಿದ್ದು ನಿಮ್ಮ ಕಾಕುಗೂ ಹೇಳಿಲ್ಲ."

ಲೋಟ ಕೆಳಗಿಟ್ಟು, "ದಾರ ಒಳಗ ಹಾಕ್ಕೋರಿ. ಅರ್ಧಾ ಆಗೈತಿ, ಮುಗಸ್ರಿ," ಎಂದರು. ತುಂಡು ಟ್ರೇಗೆ ಬೀಳುವವರೆಗೆ ಅಲ್ಲೇ ನಿಂತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಖಾನಾಪುರದಲ್ಲಿ, ತಮ್ಮನ ಬಾಜುವಿಗೇ ಮಣ್ಣು ಮಾಡಿದೆವು.

"ಇಷ್ಟ ವರ್ಷದಾಗ ನಮ್ಮ ಮ್ಯಾಲ ಒಮ್ಮೆನೂ ದನಿ ಏರಿಸಲಿಲ್ಲ. ಭಾಳ ಶಾಂತ ಮನಶಾ," ಎಂದು ಕಾಕಾ ಅವರ ಹೆಂಡತಿ, ನಮ್ಮ ಕಾಕು, ಕಣ್ಣೊರೆಸಿಕೊಂಡರು. ನಾನು ಹೌದೆಂದು ತಲೆಯಾಡಿಸಿದೆ. ಒಮ್ಮೆ ಕೂಗಿದ್ದಕ್ಕೆ ಆ ಮನುಷ್ಯ ಜೀವನವಿಡೀ ಬಾಯಿ ಕಟ್ಟಿಕೊಂಡರೆಂದೂ, ಅದರಿಂದಲೇ ನಾನು ಇವತ್ತು ಕಾಕುವಿನ ಮುಂದೆ ಜೀವಂತ ನಿಂತಿದ್ದೇನೆಂದೂ ಹೇಳುವ ಧೈರ್ಯ ನನಗಾಗಲಿಲ್ಲ.