ಎಣಿಕೆ ಮೇಸ್ತ್ರಿಯ ಹಾಡಿನ ಪಟ್ಟಿ

ನಮ್ಮಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಮ್ಮ ಹೇಳುತ್ತಿದ್ದಳು. ಊಟಕ್ಕೆ ಕೂತರೂ ಅವನ ಮಂಡಿ ಅಲುಗುತ್ತಲೇ ಇರುತ್ತದೆ. ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿದ್ದರೆ ಅಣ್ಣ ಮನೆಯಲ್ಲಿದ್ದಾನೆ ಎಂದು ಅರ್ಥ. ಹಿಂದೊಮ್ಮೆ ಸಂಬಂಧ ಮಾತಾಡಲು ಒಂದು ಮನೆಗೆ ಹೋದಾಗ, ಹುಡುಗಿ ಬರುವಷ್ಟರಲ್ಲಿ ಇವನು ಸ್ಟೂಲ್ ಹತ್ತಿ ಅವರ ಸೀಲಿಂಗ್ ಫ್ಯಾನ್ ಬಿಚ್ಚಿಯಾಗಿತ್ತು. ಫ್ಯಾನ್ ಸರಿಹೋಯಿತು, ಸಂಬಂಧ ಮುರಿಯಿತು. ಈಗ ಅವನಿಗೆ ನಲವತ್ತೇಳು.

ಇಂಥವನು ಇಪ್ಪತ್ತೆರಡು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದಾನೆ ಎಂದರೆ ಅದಕ್ಕೆ ಹಾಡುಗಳೇ ಕಾರಣ. ನಮ್ಮದು ವೈಂಡಿಂಗ್ ಅಂಗಡಿ. ಮುಂದೆ ಒಂದು ಕೌಂಟರು, ಅಲ್ಲಿ ನಾನು. ಹಿಂದೆ ಒಂದು ಕೋಣೆ, ಅಲ್ಲಿ ಅವನು, ತಂತಿಯ ಉಂಡೆಗಳು, ವಾರ್ನಿಷಿನ ವಾಸನೆ. ಗಂಡನ ಮನೆ ನನಗೆ ಒಗ್ಗಲಿಲ್ಲ, ನನ್ನ ಬಾಯಿ ಆ ಮನೆಗೆ ಒಗ್ಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಸೂಟ್‌ಕೇಸ್ ಹಿಡಿದು ಬಂದು ಈ ಕೌಂಟರಿನ ಹಿಂದೆ ಕೂತವಳು ಎದ್ದಿಲ್ಲ. ತಂತಿ ಸುತ್ತುವುದು ನನಗೂ ಬರುತ್ತದೆ. ಆದರೆ ನಾನು ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುವವಳು. ಅಣ್ಣ ಹಾಡಿನಲ್ಲಿ ಎಣಿಸುತ್ತಾನೆ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಟಾರಿನ ಒಳಗಿನ ಒಂದೊಂದು ಸುರುಳಿಗೂ ಇಷ್ಟೇ ಸುತ್ತು ಎಂದು ಲೆಕ್ಕವಿದೆ. ಕಡಿಮೆಯಾದರೆ ಮೋಟಾರ್ ಮತ್ತೆ ಸುಡುತ್ತದೆ, ಹೆಚ್ಚಾದರೆ ಸೋಮಾರಿಯಾಗುತ್ತದೆ. ಸುತ್ತುವ ಯಂತ್ರದಲ್ಲಿ ಎಣಿಸುವ ಮೀಟರ್ ಇರುತ್ತದೆ. ನಮ್ಮದು ಕೆಟ್ಟು ಯಾವ ಕಾಲವಾಯಿತೋ. ಹೊಸದು ಹಾಕಿಸು ಎಂದರೆ, "ನನ್ನ ಕಿವಿ ಇನ್ನೂ ಕೆಟ್ಟಿಲ್ಲ" ಎನ್ನುತ್ತಾನೆ. ಹಾಡಿನ ಒಂದು ಬೀಟಿಗೆ ಹಿಡಿಕೆಯ ಒಂದು ಸುತ್ತು. ಯಾವ ಹಾಡಿನಲ್ಲಿ ಎಷ್ಟು ಬೀಟ್ ಎಂಬುದು ಅವನಿಗೆ ಬಾಯಿಪಾಠ. ದಪ್ಪ ತಂತಿಯನ್ನು ನಿಧಾನವಾಗಿ, ಒತ್ತಾಗಿ ಕೂರಿಸಬೇಕು, ಅದಕ್ಕೆ ಪ್ರೇಮಗೀತೆ. ಕೂದಲಿನಂಥ ತಂತಿಗೆ ಸುತ್ತು ಜಾಸ್ತಿ, ವೇಗ ಒಂದೇ ಸಮ ಇರಬೇಕು, ಅದಕ್ಕೆ ಬ್ರಿಟನ್ನಿನ ಹಿಪ್ ಹಾಪ್.

ಬ್ರಿಟನ್ನಿನ ಹಿಪ್ ಹಾಪ್ ಈ ಅಂಗಡಿಗೆ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಯಾರೋ ಒಬ್ಬರು ಟೇಪ್ ರೆಕಾರ್ಡರಿನ ಮೋಟಾರ್ ರಿಪೇರಿಗೆ ಕೊಟ್ಟು ಹೋದವರು ವಾಪಸ್ ಬರಲೇ ಇಲ್ಲ. ಅದರೊಳಗೊಂದು ಕ್ಯಾಸೆಟ್ ಇತ್ತು. ಹಾಕಿದರೆ, ಅಲ್ಲಿನ ಯಾವುದೋ ಸಣ್ಣ ಊರಿನವನೊಬ್ಬ ಡ್ರಮ್ಮಿನ ತಾಳಕ್ಕೆ ಮಾತಾಡುತ್ತಿದ್ದಾನೆ: ಬಸ್ಸು ಬರಲಿಲ್ಲ, ಕೆಲಸಕ್ಕೆ ತಡವಾಯಿತು, ಚಳಿ. ಅಷ್ಟೇ. ಅಣ್ಣ ಹಿಡಿಕೆ ತಿರುಗಿಸಿ ನೋಡಿದ. ಸರಿಯಾಗಿ ಮುನ್ನೂರ ನಲವತ್ತು, ಟೇಬಲ್ ಫ್ಯಾನಿನ ಒಂದು ಸುರುಳಿಗೆ ಬೇಕಾದಷ್ಟು! ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹೆಸರಾದವರ ಹಾಡು ಅವನಿಗೆ ಬೇಡ. ಗೆಳೆಯರು ಸೇರಿ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿ, ನೂರು ಜನ ಕೇಳಿ, ಎಲ್ಲರೂ ಮರೆತಂಥ ಹಾಡುಗಳನ್ನು ಫೋನಿನಲ್ಲಿ ಕೆದಕಿ ಕೆದಕಿ ತೆಗೆಯುತ್ತಾನೆ.

ತೆಗೆದು ಸುಮ್ಮನಿದ್ದರೆ ನನಗೆ ತೊಂದರೆ ಇರಲಿಲ್ಲ. ರಿಪೇರಿಯಾದ ಪ್ರತಿ ಮೋಟಾರಿನ ಜೊತೆ ಒಂದು ಚೀಟಿ ಕಟ್ಟುತ್ತಾನೆ: ಒಂದು ಪ್ರೇಮಗೀತೆ, ಒಂದು ಹಿಪ್ ಹಾಪ್, ತಪ್ಪದೆ ಕೇಳಿ. ನಿವೃತ್ತ ಹೆಡ್‌ಮಾಸ್ಟರರೊಬ್ಬರು ಮಿಕ್ಸಿ ಒಯ್ದ ಮಾರನೆಯ ದಿನ ಚೀಟಿ ಹಿಡಿದು ಬಂದರು.

"ಏನ್ರೀ ಇದು, ಬೈತಾನೇ ಇದ್ದಾನೆ? ಯಾರನ್ನ?"

"ಬಸ್ ಕಂಪನಿಯನ್ನ, ಸಾರ್."

"ಓ. ಹಾಗಾದ್ರೆ ಬೈಲಿ ಬಿಡಿ," ಎಂದು ಹೋದರು.

ಇಂಥದೇ ಒಂದು ಚೀಟಿಯಿಂದ ಲಾಂಡ್ರಿ ಮೇಡಂ ನಮ್ಮ ಬದುಕಿನೊಳಗೆ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಅವರ ಕೈಯಲ್ಲಿತ್ತು. ದಿನಕ್ಕೆ ಆರುನೂರು ಬೆಡ್‌ಶೀಟ್. ಗಂಡ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ, ಮಾತು ನೇರ. ಮೊದಲ ಸಲ ಮೋಟಾರ್ ಒಯ್ದ ನಾಲ್ಕನೆಯ ದಿನ ಸುಮ್ಮನೆ ಬಂದು ಕೌಂಟರಿನ ಮುಂದೆ ನಿಂತರು. ಆಸ್ಪತ್ರೆಯವರು ಎಂದು ಅಣ್ಣ ಅವರ ಚೀಟಿಯಲ್ಲಿ, ತನ್ನ ಅಮ್ಮ ಆಸ್ಪತ್ರೆಯ ನೆಲ ಒರೆಸುವುದನ್ನು ಒಬ್ಬ ಹುಡುಗಿ ಹೇಳುವ ಹಾಡಿನ ಹೆಸರು ಬರೆದಿದ್ದ.

"ಆ ಹುಡುಗಿ ಸುಳ್ಳು ಹೇಳ್ತಾಳೆ ಮೇಸ್ತ್ರಿ. ಅಮ್ಮನಿಗೆ ಮಂಡಿ ಹೋಯ್ತು ಅಂತಾಳಲ್ಲ, ನೆಲ ಒರೆಸೋರಿಗೆ ಮೊದಲು ಹೋಗೋದು ಸೊಂಟ. ಅವಳು ಒಂದು ದಿನಾನೂ ಅಮ್ಮನ ಜೊತೆ ಹೋಗಿಲ್ಲ, ಬರೆದಿಟ್ಕೊಳ್ಳಿ."

ಅಣ್ಣನ ಮಂಡಿ ನಿಂತಿತು. ನಾನು ಕಣ್ಣಾರೆ ಕಂಡೆ. ಇಷ್ಟು ವರ್ಷದಲ್ಲಿ ಅವನ ಚೀಟಿಯ ಹಾಡನ್ನು ಕೊನೆಯವರೆಗೂ ಕೇಳಿ ಜಗಳಕ್ಕೆ ಬಂದವರು ಅವರೊಬ್ಬರೇ.

ಆಮೇಲೆ ವಾರಕ್ಕೊಮ್ಮೆ ಮೋಟಾರ್ ಇರಲಿ ಬಿಡಲಿ ಮೇಡಂ ಬರುತ್ತಿದ್ದರು. ಅಣ್ಣ ಚೀಟಿ ಕೊಡುತ್ತಿದ್ದ, ಅವರು ಹಿಂದಿನ ಚೀಟಿಯ ಹಾಡುಗಳನ್ನು ಜಾಲಾಡುತ್ತಿದ್ದರು. ಪ್ರೇಮಗೀತೆಗಳಲ್ಲಿ ಅವರಿಗೆ ಹಿಡಿಸಿದ್ದು ಒಂದೇ: ಚಳಿ ಆಗ್ತಿದೆ, ಆ ಕಿಟಕಿ ಹಾಕು ಎಂದು ಹೆಂಡತಿ ಗಂಡನಿಗೆ ಹೇಳುವುದು. "ಇಡೀ ಹಾಡಲ್ಲಿ ಪ್ರೀತಿ ಅನ್ನೋ ಮಾತೇ ಇಲ್ಲ ನೋಡಿ, ಅದಕ್ಕೇ ನಂಬಬಹುದು," ಎಂದರು. ಹಿಪ್ ಹಾಪಿನಲ್ಲಿ ಸಮುದ್ರದ ದಂಡೆಯ ಊರಿನ ಇಬ್ಬರು ಗೆಳೆಯರು ಜಗಳವಾಡಿ ಒಂದೊಂದು ಚರಣ ಹಂಚಿಕೊಂಡದ್ದು ಇಷ್ಟವಾಗಿತ್ತು. "ತಪ್ಪು ಎರಡನೆಯವನದ್ದು," ಎಂದು ತೀರ್ಪನ್ನೂ ಕೊಟ್ಟಿದ್ದರು.

ಅಣ್ಣ ಹ್ಞೂಂ ಎನ್ನುತ್ತಿದ್ದ. ಬಾಯಲ್ಲಿ ಅವಲಕ್ಕಿ ಹಾಕಿಕೊಂಡವನ ಹಾಗೆ ಬರೀ ಹ್ಞೂಂ! ಅವರು ಹೋದ ಮೇಲೆ ಅಂಗಡಿಯ ಉದ್ದಗಲ ಅಳೆಯುತ್ತಿದ್ದ. "ಹೇಳೋದಿದ್ರೆ ಹೇಳಿ ಮುಗಿಸು ಮಾರಾಯ, ನೆಲ ಸವೀತಿದೆ," ಎಂದರೆ, "ಏನು ಹೇಳೋದು?" ಎಂದು ನನ್ನ ಮೇಲೆಯೇ ರೇಗುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಮೇಡಂ ಬಂದು ಹೇಳಿದರು, "ನಂಗೆ ವರ್ಗ ಆಯ್ತು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದಿಂದ ಬೇರೆ ಊರಿನ ಆಸ್ಪತ್ರೆ. ಬಸ್ಸಲ್ಲಿ ಆರು ಗಂಟೆ."

ಅಣ್ಣ ಕೈಲಿದ್ದ ಕತ್ತರಿಯನ್ನು ಕೆಳಗಿಟ್ಟ, ಮತ್ತೆ ತೆಗೆದುಕೊಂಡ, ಮತ್ತೆ ಇಟ್ಟ.

"ಒಂದು ಪಟ್ಟಿ ಮಾಡ್ಕೊಡಿ ಮೇಸ್ತ್ರಿ," ಎಂದರು ಅವರು. "ನನಗೆ ಒಪ್ಪೋದಲ್ಲ, ಆಸ್ಪತ್ರೆಯೋರಿಗೆ ಅಂತಾನೂ ಅಲ್ಲ. ನಿಮಗೆ ನಿಜವಾಗ್ಲೂ ಇಷ್ಟ ಇರೋದು. ಹತ್ತು ಸಾಕು. ಯಾಕಿಷ್ಟ ಅಂತ ಪಕ್ಕದಲ್ಲಿ ಒಂದು ಸಾಲು ಬರೀರಿ. ಮುಂದಿನ ಶನಿವಾರ ಬಂದು ತಗೊಂಡು ಹೋಗ್ತೀನಿ."

ಆ ವಾರ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಭಾನುವಾರ ಬೆಳಿಗ್ಗೆಯೇ ಅಣ್ಣ ಕಾಗದ ಹಿಡಿದು ಕೂತ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಬರೆದಿದ್ದಾನೆ: ಕಿಟಕಿಯ ಹಾಡು, ನೂರ ಎಂಬತ್ತು, ದಪ್ಪ ತಂತಿಗೆ ಒಳ್ಳೆಯದು. ಬಸ್ಸಿನ ಹಾಡು, ಮುನ್ನೂರ ನಲವತ್ತು, ಟೇಬಲ್ ಫ್ಯಾನ್.

"ಇದನ್ನ ಕೊಡ್ತೀಯಾ ಅವರಿಗೆ? ಅವರೇನು ಫ್ಯಾನಾ?" ಎಂದು ಕೇಳಿದೆ.

ಅವನು ಕಾಗದವನ್ನು ಮುದುರಿ ಎಸೆದ. ಆಮೇಲೆ ನನ್ನ ಮುಖ ನೋಡದೆ ಹೇಳಿದ, "ಒಂದು ಹಾಡನ್ನೂ ನಾನು ಎಣಿಸದೆ ಕೇಳಿಲ್ಲ ಕಣೇ. ಯಾವುದು ಇಷ್ಟ ಅಂತ ನಂಗೇ ಗೊತ್ತಿಲ್ಲ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಊರಿಗೆಲ್ಲ ಹಾಡು ಹಂಚಿದವನ ಪಾಲಿಗೆ ಉಳಿದದ್ದು ಬರೀ ಸಂಖ್ಯೆ.

ಅಂದಿನಿಂದ ಕೆಲಸ ಮುಗಿಸಿ ಸಂಜೆ ಎಣಿಸದೆ ಕೇಳುವ ಅಭ್ಯಾಸ ಶುರುವಾಯಿತು. ಕುರ್ಚಿಯ ಮೇಲೆ ಕೂರುತ್ತಿದ್ದ, ಮಂಡಿ ತಾಳ ಹಾಕುತ್ತಿತ್ತು. ಮಂಡಿಯ ಮೇಲೆ ನಾನು ಭಾರದ ಹಳೇ ಮೋಟಾರೊಂದನ್ನು ಇಟ್ಟೆ, ಹೆಬ್ಬೆರಳು ಎಣಿಸಿತು. ಹೆಬ್ಬೆರಳಿಗೆ ದಾರ ಕಟ್ಟಿದೆ, ಕಣ್ಣಿನ ರೆಪ್ಪೆ ಎಣಿಸಿತು. ಹುಟ್ಟು ಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೇ. ಬುಧವಾರ ಹಾಡು ಹಾಕಿಕೊಂಡು ಬೀದಿಯಲ್ಲಿ ನಡೆಯಲು ಹೋದ. ಹೆಜ್ಜೆ ಎಣಿಸಿಕೊಂಡು ವಾಪಸ್ ಬಂದ. ಗುರುವಾರ ಊಟ ಬಿಟ್ಟ. ಶುಕ್ರವಾರ, "ಅವರು ಬಂದಾಗ ನಾನಿಲ್ಲ ಅಂತ ಹೇಳಿಬಿಡು," ಎಂದ.

"ನಾನು ಹೇಳಲ್ಲ. ಹೇಡಿ ಹಾಗೆ ಅವಿತ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಎಂದೆ. ಜೋರಾಗಿಯೇ ಎಂದೆ. ಆದರೆ ಹೇಳುವಾಗ ನನ್ನ ಒಳಗೊಂದು ಕಳ್ಳ ಮನಸ್ಸು, ಅವನು ಅವಿತುಕೊಳ್ಳಲಿ ಎಂದೇ ಹಾರೈಸುತ್ತಿತ್ತು. ಅವನು ಬಾಯಿ ಬಿಟ್ಟರೆ, ಅವರು ಒಪ್ಪಿದರೆ, ಈ ಅಂಗಡಿಯಲ್ಲಿ ನನ್ನ ಜೊತೆ ಯಾರು? ಹನ್ನೆರಡು ವರ್ಷ ಆ ಮಂಡಿಯ ಸದ್ದಿಗೆ ಬೈದುಕೊಂಡೇ ನಾನು ಬದುಕಿದ್ದೆ.

ಶನಿವಾರ ಮಧ್ಯಾಹ್ನ ಮೇಡಂ ಬಂದರು. ಅಣ್ಣ ಒಳಗೆ ಟೇಬಲ್ ಫ್ಯಾನಿನ ಸುರುಳಿ ಸುತ್ತುತ್ತಿದ್ದ, ಬಸ್ಸಿನ ಹಾಡು ಓಡುತ್ತಿತ್ತು. ನಡುವೆ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆಂದು ಅವರಿಗೆ ಗೊತ್ತು. ಬಾಗಿಲಿಗೆ ಒರಗಿ ನಿಂತು ತಮ್ಮ ಪಾಡಿಗೆ ಮಾತಾಡಿದರು. ಹೊಸ ಮನೆಗೆ ಅಡುಗೆಮನೆಯೇ ಇಲ್ಲವಂತೆ, ಒಲೆ ಇಡಲು ಗೋಡೆಗೊಂದು ಹಲಗೆಯಂತೆ. ಇಲ್ಲಿನ ಹಳೇ ಒಗೆಯುವ ಯಂತ್ರ ಎಡ ಭುಜಕ್ಕೆ ಒಂದೇಟು ಬಿದ್ದರೆ ಮಾತ್ರ ಚಾಲೂ ಆಗುತ್ತದಂತೆ, ಮುಂದೆ ಬರುವವರಿಗೆ ಅದನ್ನು ಹೇಗೆ ಬರೆದಿಡುವುದು ಎಂದು ಯೋಚನೆಯಂತೆ. "ಅದಕ್ಕೆ ನನ್ನ ಕೈ ಗುರುತು, ಮೇಸ್ತ್ರಿ. ಬೇರೆಯೋರು ಹೊಡೆದ್ರೆ ಮುನಿಸ್ಕೊಳ್ಳುತ್ತೆ."

ಹಾಡು ಮುಗಿಯಿತು. ಅಣ್ಣನ ಕೈ ಹಿಡಿಕೆಯನ್ನು ತಿರುಗಿಸುತ್ತಲೇ ಇತ್ತು.

"ಅಣ್ಣಾ," ಎಂದೆ. "ಎಷ್ಟಾಯ್ತು?"

ಅವನು ಕೈ ನಿಲ್ಲಿಸಿ ಸುರುಳಿಯನ್ನು ನೋಡಿದ. "ಗೊತ್ತಿಲ್ಲ," ಎಂದ. ಆಮೇಲೆ ಎದ್ದು ನಿಂತು, ನನ್ನನ್ನು ಬಿಟ್ಟು ಅವರನ್ನೇ ನೋಡುತ್ತಾ ಹೇಳಿದ, "ಪಟ್ಟಿ ಆಗ್ಲಿಲ್ಲ ಮೇಡಂ. ಎಷ್ಟೋ ಪ್ರಯತ್ನಪಟ್ಟೆ. ಯಾವ ಹಾಡು ಕೇಳಿದ್ರೂ ಎಣಿಸ್ತೀನಿ, ಬಿಡೋಕಾಗಲ್ಲ. ನೀವು ಮಾತಾಡ್ತಿದ್ರೆ ಮಾತ್ರ ಎಣಿಸಲ್ಲ. ಅಷ್ಟೇ ನನ್ನ ಪಟ್ಟಿ."

ಆರುನೂರು ಬೆಡ್‌ಶೀಟಿನ ಮೇಲೆ ಅಧಿಕಾರ ನಡೆಸುವ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಕೊನೆಗೆ, "ಸೋಮವಾರ ನಾನು ಅಲ್ಲಿರಲೇಬೇಕು," ಎಂದರು.

"ಗೊತ್ತು."

"ಅಲ್ಲೂ ಮೋಟಾರ್ ಸುಡ್ತಾವೆ, ಮೇಸ್ತ್ರಿ."

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ನನಗೆ ಆಗಲೇ ಆಗಿತ್ತು. ಆಗ ಅವನು ತಿರುಗಿ ನನ್ನನ್ನು ನೋಡಿದ. ಅಮ್ಮ ಸತ್ತ ದಿನ ನೋಡಿದ್ದನಲ್ಲ, ಹಾಗೆ. ನಾನೊಂದು ಮಾತು ಬೇಡ ಎಂದಿದ್ದರೆ ಅವನು ಮತ್ತೆ ಆ ಸ್ಟೂಲಿನ ಮೇಲೆ ಕೂತು ಇನ್ನಿಪ್ಪತ್ತೆರಡು ವರ್ಷ ಸುತ್ತುತ್ತಿದ್ದ. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಎರಡೂ ನಿಜ.

"ನನ್ನ ಮುಖ ಏನು ನೋಡ್ತೀಯ? ಆ ಸ್ಟೂಲ್ ನನಗೆ ಬಿಡು. ಫ್ಯಾನಿನವರು ಐದು ಗಂಟೆಗೆ ಬರ್ತಾರೆ. ನೀನು ಹಾಳು ಮಾಡಿದ್ದನ್ನ ನಾನೇ ಸರಿ ಮಾಡ್ಬೇಕು," ಎಂದೆ.

ಲೆಕ್ಕ ತಪ್ಪಿದ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿದೆ. ಅವರಿಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮೇಡಂ ಹೊಸ ಮನೆಯ ಹಲಗೆಯ ವಿಷಯ ಮತ್ತೆ ಎತ್ತಿಕೊಂಡರು, ಅಣ್ಣ ನಡುವೆ ಏನೋ ಕೇಳಿದ, ಅವರು ನಕ್ಕರು. ನಾನು ಹಾಡು ಹಾಕಲಿಲ್ಲ. ಹೊಸ ತಂತಿ ಸಿಕ್ಕಿಸಿ ಒಂದು, ಎರಡು, ಮೂರು ಎಂದು ಬಾಯಲ್ಲೇ ಎಣಿಸುತ್ತಾ ಹಿಡಿಕೆ ತಿರುಗಿಸಿದೆ. ಇನ್ನೂರು ದಾಟುವ ಹೊತ್ತಿಗೆ ಕಣ್ಣು ತುಂಬಿ ತಂತಿಯೇ ಕಾಣದಾಯಿತು. ಎಣಿಕೆ ಮಾತ್ರ ಬಿಡಲಿಲ್ಲ. ಮುನ್ನೂರ ನಲವತ್ತಕ್ಕೆ ನಿಲ್ಲಿಸಿ, ತಂತಿ ಕತ್ತರಿಸಿದೆ.