ಜವರಪ್ಪನ ಜೋಡಿ ಎಫ್ ಪದಗಳು

ಸಕಲೇಶಪುರದ ಸಿದ್ದಬಸಪ್ಪನವರ ಪ್ರೆಸ್ಸಿನಲ್ಲಿ ಜವರಪ್ಪ ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಮಾಡುವ ಕೆಲಸ. ಸಾವಿರಾರು ಜನರ ಮದುವೆ ಕಾಗದ ಅವನ ಕೈಯಲ್ಲಿ ಹಾದುಹೋಯಿತು, ಅವನದೊಂದು ಮಾತ್ರ ಬರಲಿಲ್ಲ. ಅಪ್ಪ ಅವ್ವ ಬೇಗ ತೀರಿಕೊಂಡಿದ್ದರು. ಹೆಣ್ಣು ಕೇಳಿಕೊಂಡು ಹೋಗುವವರು ಯಾರೂ ಇರಲಿಲ್ಲ. ತಾನಾಗಿ ಹೋಗಿ ಏನನ್ನಾದರೂ ಕೇಳುವ ಜಾಯಮಾನವಂತೂ ಅವನದಲ್ಲ. ಹೋಟೆಲಿನಲ್ಲಿ ಸಾಂಬಾರು ಸಾಲದೆ ಹೋದರೆ ಒಣ ಇಡ್ಲಿಯನ್ನೇ ನುಂಗಿ ಎದ್ದು ಬರುವ ಆಸಾಮಿ.

ಓದಿದ್ದು ಆಲೂರಿನ ಹತ್ತಿರದ ತನ್ನ ಹಳ್ಳಿಯಲ್ಲಿ, ಏಳನೇ ಕ್ಲಾಸಿನವರೆಗೆ. ಇಂಗ್ಲಿಷನ್ನು ಕಣ್ಣಿನಿಂದ ಕಲಿತ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಮೊಳೆಯ ಮೇಲೆ ಅಕ್ಷರ ಹಾಗೇ ಇರುವುದರಿಂದ. ಅರ್ಥ ಗೊತ್ತಿಲ್ಲ, ಆಕಾರ ಗೊತ್ತು. ಆ ಆಕಾರಗಳಲ್ಲಿ ಅವನಿಗೆ ಒಂದರ ಮೇಲೆ ವಿಶೇಷ ಮೋಹ. ಎಫ್ ಅಕ್ಷರದ ತಲೆ ಮುಂದಕ್ಕೆ ಬಾಗಿರುತ್ತದೆ. ಎರಡು ಎಫ್ ಪಕ್ಕಪಕ್ಕ ನಿಲ್ಲಿಸಿದರೆ ತಲೆಗೆ ತಲೆ ತಾಗಿ ತುದಿ ಮುರಿಯುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಒಂದೇ ಮೊಳೆಯಾಗಿ ಎರಕ ಹೊಯ್ದಿರುತ್ತಾರೆ. ಈ ಊರು ಬದುಕುವುದೇ ಕಾಫಿಯಿಂದ, ನಡೆಯುವುದು ಆಫೀಸುಗಳಿಂದ. ಇಂಗ್ಲಿಷಿನಲ್ಲಿ ಬರೆಯಲು ಎರಡಕ್ಕೂ ಜೋಡಿ ಎಫ್ ಬೇಕು. ಎಸ್ಟೇಟಿನವರ ಬಿಲ್ ಬುಕ್ಕು ಬಂತೆಂದರೆ ಪೆಟ್ಟಿಗೆಯಲ್ಲಿ ಆ ಮೊಳೆಗಳ ಖಾನೆ ಬರಿದಾಗುತ್ತಿತ್ತು.

ಒಮ್ಮೆ ಸುಮ್ಮನೆ ಹೊತ್ತು ಹೋಗದೆ, ಜೋಡಿ ಎಫ್ ಇರುವ ಪದಗಳನ್ನೆಲ್ಲ ಒಂದು ಹಳೇ ರಸೀದಿ ಪುಸ್ತಕದ ಬೆನ್ನಿಗೆ ಬರೆದಿಡತೊಡಗಿದ. ಸ್ಟಾಫ್, ಟ್ರಾಫಿಕ್, ಆಫರ್, ಅಫಿಡವಿಟ್. ಅರ್ಥ ಯಾರನ್ನು ಕೇಳುವುದು? ಸಿದ್ದಬಸಪ್ಪನವರನ್ನು ಒಂದು ಸಲ ಕೇಳಿದ್ದಕ್ಕೆ, 'ನಿಂಗ್ಯಾಕೋ ಮಾರಾಯ ಅದೆಲ್ಲ, ಜೋಡ್ಸು ಸಾಕು' ಅಂದಿದ್ದರು. ಮತ್ತೆ ಕೇಳಲಿಲ್ಲ.

ತೊಂಬತ್ತಮೂರರಲ್ಲಿ ನೇತ್ರಾವತಿ ಮೇಡಂ ಬಂದರು. ಹೊಂಗಡಹಳ್ಳದ ದಾರಿಯಲ್ಲಿದ್ದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು. ಗಂಡನಿಗೆ ಅರಸೀಕೆರೆಯಲ್ಲಿ ಕೆಲಸ, ಇವರು ಮಗಳು ಮಾನಸಾಳನ್ನು ಕಟ್ಟಿಕೊಂಡು ಅಲ್ಲೇ ಶಾಲೆಯ ಹತ್ತಿರ. ಶಾಲೆಯ ಪ್ರಶ್ನೆಪತ್ರಿಕೆ ಈ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿತ್ತು. ವರ್ಷಕ್ಕೆ ಮೂರು ಪರೀಕ್ಷೆ, ಮೂರು ಸಲ ಪ್ರೂಫ್ ನೋಡಲು ಬರುತ್ತಿದ್ದರು. ಪ್ರಶ್ನೆಪತ್ರಿಕೆ ಹೊರಗೆ ಹೋಗಬಾರದೆಂದು ಮೊಳೆ ಜೋಡಿಸುವವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ತಿದ್ದಬೇಕಿತ್ತು.

ಮೊದಲ ಸಲವೇ ಅವರ ಕಣ್ಣು ರಸೀದಿ ಪುಸ್ತಕದ ಮೇಲೆ ಬಿತ್ತು. "ಇದೇನ್ರೀ ಜವರಪ್ಪನವರೇ, ಬರೀ ಎರಡು ಎಫ್ ಇರೋ ಪದ?"

ಅವನು ಕಿವಿಯವರೆಗೂ ಕೆಂಪಾದ. ಆದರೆ ಅವರು ನಗಲಿಲ್ಲ. ಒಂದೊಂದಕ್ಕೂ ಅರ್ಥ ಹೇಳಿದರು. ಸಫರ್ ಅಂದರೆ ನೋವು ತಿನ್ನುವುದು. ಅಫೆಕ್ಷನ್ ಅಂದರೆ ಅಕ್ಕರೆ. ಬಫೆಲೋ ಬಂದಾಗ ಜವರಪ್ಪ, "ಎಮ್ಮೆಗೂ ಎರಡು ಬೇಕಾ ಮೇಡಂ?" ಎಂದ. ಮೇಡಂ ನಕ್ಕರು, ಅವನೂ ನಕ್ಕ. ಪ್ರೆಸ್ಸಿನೊಳಗೆ ತಾನು ನಕ್ಕು ಎಷ್ಟು ವರ್ಷವಾಗಿತ್ತೋ ಅವನಿಗೇ ನೆನಪಿರಲಿಲ್ಲ.

ಊರವರ ಬಾಯಿಗೆ ಸಿಕ್ಕಿದ್ದರೆ ಬೇರೆಯೇ ಕಥೆ ಕಟ್ಟುತ್ತಿದ್ದರು. ಅಂಥದ್ದು ಏನೂ ಅಲ್ಲ. ಒಬ್ಬರು ಪಕ್ಕದಲ್ಲಿ ಕೂತು ತನ್ನ ಮಾತಿಗೆ ಮಾತು ಕೊಡುತ್ತಾರೆ, ಅಷ್ಟೇ ಅವನಿಗೆ ಬೇಕಾಗಿದ್ದುದು. ವರ್ಷಕ್ಕೆ ಮೂರೇ ದಿನ. ಉಳಿದ ದಿನಗಳಲ್ಲಿ ಸೇತುವೆ ಪಕ್ಕದ ಬಾಡಿಗೆ ಕೋಣೆ, ಸೀಮೆಎಣ್ಣೆ ಸ್ಟವ್ವು, ಭಾನುವಾರ ಒಗೆಯುವ ಎರಡು ಅಂಗಿ. ಮೂರು ದಿನ ಅವನಿಗೆ ಸಾಲಲಿಲ್ಲ.

ಹಾಗಾಗಿ ಅವನು ತಪ್ಪು ಮಾಡಲು ಶುರುಮಾಡಿದ. ಬೇಕೆಂದೇ. ಪ್ರೂಫಿನಲ್ಲಿ ತಪ್ಪು ಜಾಸ್ತಿ ಇದ್ದರೆ ತಿದ್ದಿದ ಮೇಲೆ ಎರಡನೇ ಪ್ರೂಫ್ ತೆಗೆಯಬೇಕು, ಅದನ್ನು ನೋಡಲು ಮೇಡಂ ಇನ್ನೊಂದು ದಿನ ಬರಬೇಕು. ಹೀಗೆ ಮೂರು ದಿನ ಆರಾಯಿತು. ಅವನ ಕೈಯಲ್ಲಿ ತಪ್ಪೇ ಬರುವುದಿಲ್ಲವೆಂದು ಹಾಸನದ ಪ್ರೆಸ್ಸಿನವರೂ ಹೇಳುತ್ತಿದ್ದ ಕಾಲವಿತ್ತು. ಆ ಹೆಸರನ್ನು ತಾನೇ ಮಣ್ಣುಪಾಲು ಮಾಡಿಕೊಂಡ. ಸಿದ್ದಬಸಪ್ಪನವರು, "ಕಣ್ಣು ಹೋಗ್ಬುಟ್ವೇನೋ ನಿಂಗೆ? ಕನ್ನಡ್ಕ ಹಾಕ್ಸು" ಎಂದು ಗದರಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಒಂದು ಪ್ರೂಫಿಗೆ ನಾಲ್ಕೇ ತಪ್ಪು. ಮೇಡಂ ಕಣ್ಣಿಗೆ ಬೀಳದ್ದನ್ನು ಅಚ್ಚಿಗೆ ಹೋಗುವ ಮುಂಚೆ ತಾನೇ ಸರಿ ಮಾಡುತ್ತಿದ್ದ. ಐದು ವರ್ಷ ಹೀಗೇ ನಡೆಯಿತು, ಪಟ್ಟಿಯಲ್ಲಿ ಅರವತ್ತೊಂದು ಪದ ಸೇರಿತು.

ತೊಂಬತ್ತೆಂಟರ ಅರ್ಧವಾರ್ಷಿಕ ಪರೀಕ್ಷೆ. ಮೇಡಂ ಅವಸರದಲ್ಲಿ ಬಂದು ಮೂರು ತಪ್ಪು ಗುರುತು ಮಾಡಿದರು. ನಾಲ್ಕನೆಯದು, ಓದಿ ಉತ್ತರಿಸಲು ಕೊಟ್ಟಿದ್ದ ಪೋಸ್ಟ್‌ಮನ್ ಒಬ್ಬನ ಕಥೆಯಲ್ಲಿ ಜವರಪ್ಪ ಬಿಟ್ಟಿದ್ದ ಒಂದು ಇಡೀ ಸಾಲು. ಅದು ಅವರ ಕಣ್ಣು ತಪ್ಪಿತು. ಎರಡು ದಿನದ ಮೇಲೆ ಬರುತ್ತೇನೆಂದು ಹೋದರು. ಅವರು ಬರಬೇಕಿದ್ದ ದಿನ ಜವರಪ್ಪ ಒಗೆದ ಅಂಗಿ ಹಾಕಿಕೊಂಡು, ಪಕ್ಕದ ಹೋಟೆಲಿಗೆ ಎರಡು ಕಾಫಿ ಹೇಳಿಟ್ಟಿದ್ದ. ಬಂದಿದ್ದು ಬಸ್ ಕಂಡಕ್ಟರನ ಕೈಯಲ್ಲಿ ಒಂದು ಚೀಟಿ. 'ಮಾನಸಾಗೆ ಜ್ವರ. ಬರಲಾಗುವುದಿಲ್ಲ. ತಿದ್ದಿ ಅಚ್ಚು ಹಾಕಿ.' ಕೆಳಗೆ ಸಹಿ.

ಜವರಪ್ಪ ಎರಡೂ ಕಾಫಿ ಕುಡಿದ. ಗುರುತು ಹಾಕಿದ್ದ ಮೂರನ್ನು ತಿದ್ದಿದ, ಮಷಿನ್ನಿಗೆ ಏರಿಸಿದ. ಮನಸ್ಸು ಎಲ್ಲಿತ್ತೋ, ನಾಲ್ಕನೆಯದು ನೆನಪಿಗೇ ಬರಲಿಲ್ಲ.

ಪೋಸ್ಟ್‌ಮನ್ ಕಾಗದವನ್ನು ಎಲ್ಲಿಟ್ಟ ಎಂಬ ಪ್ರಶ್ನೆಗೆ ಉತ್ತರ ಇದ್ದದ್ದು ಆ ಸಾಲಿನಲ್ಲೇ. ನೂರಿಪ್ಪತ್ತು ಮಕ್ಕಳು ಹುಡುಕಿ ಹುಡುಕಿ ಸೋತರು. ಅಚ್ಚು ಹಾಕಿ ಎಂದು ಸಹಿ ಮಾಡಿ ಕಳಿಸಿದವರು ನೇತ್ರಾವತಿ, ನೋಟಿಸು ಅವರಿಗೇ ಬಂತು. ಅವರಿಗೆ ಆಗಬೇಕಿದ್ದ ಇನ್‌ಕ್ರಿಮೆಂಟು ನಿಲ್ಲುತ್ತದಂತೆ ಎಂದು ಚೀಟಿ ತಂದಿದ್ದ ಅದೇ ಕಂಡಕ್ಟರ್ ಹೇಳಿದ. ಜವರಪ್ಪನಿಗೆ ಎರಡು ದಿನ ಅನ್ನ ಇಳಿಯಲಿಲ್ಲ. ಸುಮ್ಮನಿದ್ದರೆ ಮುಂದಿನ ಪರೀಕ್ಷೆಗೆ ಮೇಡಂ ಮತ್ತೆ ಬರಬಹುದು. ಬಾಯಿ ಬಿಟ್ಟರೆ ಅದು ಅಲ್ಲಿಗೆ ಮುಗಿಯಿತು. ಉಪ್ಪು ತಿಂದವನು ನೀರು ಕುಡಿಯಬೇಕು, ಇಲ್ಲಿ ತಿಂದವನು ಒಬ್ಬ, ಕುಡಿಯುತ್ತಿರುವವರು ಇನ್ನೊಬ್ಬರು.

ಮೂರನೇ ದಿನ ಬೆಳಿಗ್ಗೆ ರಜ ಹೇಳದೆ ಹೊಂಗಡಹಳ್ಳದ ಬಸ್ಸು ಹತ್ತಿದ.

ಹೆಡ್‌ಮಾಸ್ಟರ್ ಸ್ಟಾಫ್ ರೂಮಿನಲ್ಲಿದ್ದರು, ಆರೇಳು ಜನ ಮೇಷ್ಟ್ರುಗಳೂ ಇದ್ದರು. ಮೂಲೆಯ ಕುರ್ಚಿಯಲ್ಲಿ ನೇತ್ರಾವತಿ.

"ತಪ್ಪು ನಂದು ಸ್ವಾಮಿ. ಮೇಡಂದಲ್ಲ," ಎಂದ ಜವರಪ್ಪ.

"ಪ್ರೂಫ್ ನೋಡ್ದೋರು ಅವ್ರಲ್ವೇನಯ್ಯ?" ಎಂದರು ಹೆಡ್‌ಮಾಸ್ಟರ್.

"ನಾನು ಬೇಕಂತ್ಲೇ ಬುಟ್ಟಿದ್ದು ಆ ಸಾಲ್ನ. ಐದೊರ್ಸದಿಂದ ಹಿಂಗೇ ಮಾಡ್ತಿವ್ನಿ. ಆಮೇಲೆ ನಾನೇ ಸರಿ ಮಾಡ್ತಿದ್ದೆ. ಈ ಸಲ ಮರ್ತೋಯ್ತು."

"ಬೇಕಂತ ಯಾಕಯ್ಯ ಮಾಡ್ತೀಯ?"

ಜವರಪ್ಪ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ. "ಮೇಡಂ ಇನ್ನೊಂದ್ಸಲ ಬರ್ಲಿ ಅಂತ," ಅಂದ.

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕೆಮ್ಮಿದಂತೆ ಮಾಡಿದರು. ನೇತ್ರಾವತಿ ತಲೆ ಎತ್ತಲಿಲ್ಲ. ಅವನ ಹೇಳಿಕೆಯನ್ನು ಹೆಡ್‌ಮಾಸ್ಟರ್ ಒಂದು ಹಾಳೆಯಲ್ಲಿ ಬರೆಸಿಕೊಂಡರು. ನೋಟಿಸು ರದ್ದಾಗುತ್ತದೆ, ಇನ್ನು ಮೇಲೆ ಪತ್ರಿಕೆಗಳನ್ನು ಹಾಸನದಲ್ಲಿ ಕಂಪ್ಯೂಟರ್‌ನಲ್ಲೇ ಮಾಡಿಸುತ್ತೇವೆ ಎಂದರು.

ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಮೇಡಂ ಬಂದರು. ಸ್ವಲ್ಪ ದೂರದಲ್ಲೇ ನಿಂತರು. ಸ್ಟಾಫ್ ರೂಮಿನ ಕಿಟಕಿಯಲ್ಲಿ ಮೂರು ತಲೆಗಳು ಕಾಣುತ್ತಿದ್ದವು.

"ಬನ್ನಿ ಅಂದಿದ್ರೆ ಸಾಕಿತ್ತಲ್ಲ ಜವರಪ್ಪನವರೇ," ಅಂದರು. "ಭಾನುವಾರ ಮಗಳನ್ನ ಕರ್ಕೊಂಡು ಸುಮ್ನೇ ಬಂದು ಕೂರ್ತಿದ್ದೆ. ನಂಗೂ ಈ ಊರಲ್ಲಿ ಮಾತಾಡೋಕೆ ಯಾರಿದ್ರು?"

ಜವರಪ್ಪ ಕಿಟಕಿಯ ಕಡೆ ನೋಡಿದ. ಮೇಡಂ ಕೂಡ ಅತ್ತ ನೋಡಿದರು.

"ಇನ್ನು ಬರೋಕಾಗಲ್ಲ. ಎಲ್ರೂ ಕೇಳಿಸ್ಕೊಂಡುಬಿಟ್ರು."

ಅವನು ಹೌದೆಂದು ತಲೆಯಾಡಿಸಿದ. ಮೇಡಂ ಸೆರಗು ಸರಿಮಾಡಿಕೊಂಡು ಒಳಗೆ ಹೋದರು, ಅಷ್ಟರಲ್ಲಿ ಗಂಟೆ ಹೊಡೆಯಿತು. ಸಕಲೇಶಪುರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕರೆದ ಮೇಲೆ ಜವರಪ್ಪ ಹತ್ತಿದ. ಇಬ್ಬರು ಕೂರುವ ಸೀಟು ಖಾಲಿ ಇತ್ತು, ಕಿಟಕಿಯ ಕಡೆಗೆ ಸರಿದು ಕೂತ.