ಕಣ್ಣೆದುರಿನ ಸಾಲು

ಬಳ್ಳಾರಿಯ ಆ ದೊಡ್ಡ ಕಿರಾಣಿ ಮಳಿಗೆಯಲ್ಲಿ ನನ್ನ ಶೇಂಗಾ ಚಟ್ನಿಪುಡಿಯ ಪ್ಯಾಕೆಟ್ಟುಗಳು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿದ್ದವು. ನೆಲ ಒರೆಸುವಾಗ ಒದ್ದೆ ಬಟ್ಟೆ ತಾಗುವಷ್ಟು ಕೆಳಗೆ. ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಪ್ಯಾಕೆಟ್ಟುಗಳು ನಡುಸಾಲಿನಲ್ಲಿದ್ದವು. ಬಂದವರ ಕಣ್ಣಿಗೆ ನೇರ, ಕೈಗೆ ಸಲೀಸು. ಇಬ್ಬರದೂ ಒಬ್ಬರೇ ಅತ್ತೆ ಕಲಿಸಿದ ಪುಡಿ. ನಾನು ಕುರುಗೋಡಿನಲ್ಲಿ ಮಾಡುತ್ತೇನೆ, ಆಕೆ ಸಿರುಗುಪ್ಪದಲ್ಲಿ. ಆ ಮಳಿಗೆಗೆ ಮೊದಲು ಮಾಲು ಹಾಕಿದವಳು ನಾನು. ಆಕೆಗೆ ದಾರಿ ತೋರಿಸಿದವಳೂ ನಾನೇ. ಹಾಗಾಗಿಯೇ ಉರಿ ಹೆಚ್ಚು.

ಮಾಲು ಇಳಿಸಿಕೊಟ್ಟ ಮೇಲೆ ನಾನು ಸೀದಾ ಬಸ್‌ಸ್ಟ್ಯಾಂಡಿಗೆ ಹೋಗುತ್ತಿರಲಿಲ್ಲ. ಗಿರಾಕಿಯ ಹಾಗೆ ಬುಟ್ಟಿ ಹಿಡಿದು ಒಳಗೆ ಒಂದು ಸುತ್ತು ಹಾಕುತ್ತಿದ್ದೆ. ಆಕೆಯ ಸಾಲು ಎಷ್ಟು ಖಾಲಿಯಾಗಿದೆ, ನನ್ನದು ಎಷ್ಟು ಹಾಗೇ ಕೂತಿದೆ ಎಂದು ನೋಡುವುದು. ನೋಡಿದರೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ತಿಕ್ಕಿದ ಹಾಗಾಗುತ್ತಿತ್ತು. ಆದರೂ ನೋಡದೆ ಬರಲು ಆಗುತ್ತಿರಲಿಲ್ಲ. ಒಮ್ಮೆ ಸುತ್ತ ಯಾರೂ ಇಲ್ಲದ್ದು ಕಂಡು ಆಕೆಯವನ್ನು ನಾಲ್ಕು ಕೆಳಗಿಟ್ಟು ನನ್ನವನ್ನು ಮೇಲಿಟ್ಟೆ. ಪಕ್ಕದ ಸಾಲಿನಲ್ಲಿ ಬೇಳೆ ಜೋಡಿಸುತ್ತಿದ್ದ ಕೆಲಸದಾಕೆ ಬಂದು ಎಲ್ಲವನ್ನೂ ಮೊದಲಿನಂತೆ ಇಟ್ಟಳು.

"ಹಂಗ ಬದಲು ಮಾಡಂಗಿಲ್ರಿ ಅಮ್ಮಾರ," ಎಂದಳು. "ಯಾರ‍್ದು ಎಲ್ಲಿ ಅಂತ ಮ್ಯಾನೇಜರ್ ಹೇಳಿರ‍್ತಾರ."

"ಯಾಕ ಹಂಗ ಹೇಳಿದಾರ?" ಎಂದೆ.

"ನಮಗೇನ್ ಗೊತ್ರಿ," ಎಂದು ಆಕೆ ಬೇಳೆಯ ಕಡೆ ತಿರುಗಿದಳು.

ಯಾಕೆ ಎನ್ನುವುದನ್ನು ಮನೆಗೆ ಬರುವ ತನಕ ನಾನೇ ಕಟ್ಟಿಕೊಂಡೆ. ನೆಗೆಣ್ಣಿ ಮಾತಿನಲ್ಲಿ ಚಂದ. ತೆಲುಗು ಬಂದವರ ಹತ್ತಿರ ತೆಲುಗು, ಉರ್ದು ಬಂದವರ ಹತ್ತಿರ ಉರ್ದು. ನಗುವಾಗ ತಲೆ ಸ್ವಲ್ಪ ವಾರೆ ಮಾಡುತ್ತಾಳೆ. ಮ್ಯಾನೇಜರನಿಗೆ ಏನೋ ಹೇಳಿ ನಗಿಸಿ ಆ ಜಾಗ ಹಿಡಿದಿದ್ದಾಳೆ ಎಂದು ಲೆಕ್ಕ ಹಾಕಿದೆ. ಮನೆಯಲ್ಲಿ ಅತ್ತೆಯ ಮುಂದೆ ಹೇಳಿದೆ. ಅತ್ತೆ ಇರುವುದು ನನ್ನ ಹತ್ತಿರ, ಅವರ ಕಾಲು ತಿಕ್ಕುವವಳು ನಾನು. ಅವರು ರೊಟ್ಟಿ ಮುರಿಯುತ್ತಾ, "ಸಣ್ಣಾಕಿ ಕೈಗೆ ಹದ ಐತೆವಾ, ಅದಕ್ಕ ಹೋಗ್ತಾವು," ಎಂದರು. ಆ ದಿನ ನಾನು ಅವರ ಕಾಲು ತಿಕ್ಕಲಿಲ್ಲ. ಅವರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಮೈದುನ ಸಿರುಗುಪ್ಪದ ಮನೆಗೆ ಮಾಳಿಗೆ ಏರಿಸಿ ಪೂಜೆ ಇಟ್ಟುಕೊಂಡ. ಅವನು ಅಲ್ಲಿನ ಅಕ್ಕಿಗಿರಣಿಯೊಂದರಲ್ಲಿ ಗುಮಾಸ್ತ. ಹೋಗಲೇಬೇಕಿತ್ತು, ಹೋದೆ. ಹೊಸ ಮಾಳಿಗೆ, ಹೊಸ ಬಣ್ಣ, ಮೆಟ್ಟಿಲಿಗೆ ಸ್ಟೀಲಿನ ಕಂಬಿ. ಎಲ್ಲರ ಜೊತೆ ಚಂದ ಐತಿ, ಚಂದ ಐತಿ ಎಂದೆ. ಉಪ್ಪಿನಕಾಯಿ ತರಲೆಂದು ಒಳಗಿನ ಕೋಣೆಗೆ ಹೋದಾಗ ಅಲ್ಲಿ ರಟ್ಟಿನ ಡಬ್ಬಿಗಳು ಕಿಟಕಿ ಮುಚ್ಚುವಷ್ಟು ಪೇರಿಸಿದ್ದವು. ಒಂದನ್ನು ತೆರೆದು ನೋಡಿದೆ. ಆಕೆಯದೇ ಚಟ್ನಿಪುಡಿ. ಎಣ್ಣೆ ಬಿಟ್ಟು ಪ್ಯಾಕೆಟ್ಟಿನ ಒಳಗೆಲ್ಲ ಜಿಡ್ಡು ಕಟ್ಟಿತ್ತು. ಕೆಲವು ಹರಿದಿದ್ದವು. ಅಂಗಡಿಯಲ್ಲಿ ಯಾರೋ ಉಗುರಿನಿಂದ ತೆರೆದು ಮೂಸಿ ನೋಡಿ ಇಟ್ಟವು.

ಆ ಗಳಿಗೆ ನನಗೆ ಎಷ್ಟು ಹಾಯೆನಿಸಿತು ಎಂದು ಹೇಳಲಾರೆ. ಬೆಳಗಿನಿಂದ ಹೊತ್ತ ಭಾರವೆಲ್ಲ ಇಳಿದಂತಾಯಿತು. ಅಷ್ಟರಲ್ಲಿ ಆಕೆಯೇ ಬಾಗಿಲಿಗೆ ಬಂದಳು. ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ಹಬ್ಬ ಬಂದ್ರ ಒಂದಕ್ಕೊಂದು ಉಚಿತ ಅಂತ ಬೋರ್ಡ್ ಹಾಕ್ತಾರಕ್ಕ," ಎಂದಳು. "ಆ ಉಚಿತದ್ದರ ಖರ್ಚು ನಂದು. ನನ್ನ ಕೇಳಂಗಿಲ್ಲ. ಉಳಿದದ್ದು, ಹರಿದದ್ದು, ಎಲ್ಲಾ ವಾಪಸ್ ನನ್ ಮನಿಗೆ. ಬಳ್ಳಾರ‍್ಯಾಗ ಬ್ಯಾರೆ ಅಂಗಡಿಗೆ ಕೊಡಬಾರ‍್ದಂತ. ಒಪ್ಪಿದ್ರ ನಡುವಿನ ಸಾಲು ಅಂದ್ರು, ಒಪ್ಪಿದೆ."

"ಮೊದಲ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀವು ನನ್ ಸಾಲು ನೋಡಿದ್ರ ಮಾರಿ ತಿರುಗಸ್ತಿದ್ರಿ."

ಬಸ್ಸಿನಲ್ಲಿ ಕುರುಗೋಡಿಗೆ ವಾಪಸು ಬರುವಾಗ ನನ್ನ ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ನಷ್ಟದ ಷರತ್ತಾದರೂ ಆಕೆಗೆ ಹೇಳಿದರು, ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ ಎಂದು ಹೊಸದೊಂದು ಉರಿ ಶುರುವಾಯಿತು. ನನ್ನ ಪುಡಿ ಷರತ್ತು ಹಾಕುವಷ್ಟು ಬೆಲೆಯದ್ದೂ ಅಲ್ಲವೇ?

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಮಾತೂ ಬಂತು. ಒಂದು ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದ. "ನಡುವಿನ ಸಾಲು ಖಾಲಿ ಆಗ್ಯದರಿ ಮೇಡಂ. ಸಿರುಗುಪ್ಪದವ್ರದು ನಿಲ್ಲಿಸೀವಿ. ನೀವು ಹೂಂ ಅಂದ್ರ ನಿಮಗ ಕೊಡ್ತೀವಿ."

"ಯಾಕ ನಿಲ್ಲಿಸಿದ್ರಿ?"

"ಬಾಳ ವಾಪಸ್ ಹೋಗಾಕತ್ತಿತ್ತು. ಅವ್ರು ಜಗಳ ತೆಗೆದ್ರು."

ಅದೇ ಬೆಳಿಗ್ಗೆ ಆಕೆಯ ಮಾಲು ಬಸ್ಸಿನ ಮೇಲೆ ಏರಿ ಆಗಿತ್ತಂತೆ. ಬ್ಯಾಡ ಎಂದು ಫೋನ್ ಬಂದಾಗ ಬಸ್ಸು ಅರ್ಧ ದಾರಿಯಲ್ಲಿತ್ತು. ಅದನ್ನು ನನ್ನ ಯಜಮಾನರು ಹೇಳಿದರು, ಅವರ ತಮ್ಮ ಅಳುದನಿಯಲ್ಲಿ ಫೋನ್ ಮಾಡಿದ್ದನಂತೆ. ನಾನು ಮ್ಯಾನೇಜರನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಸಾಲು ನನಗೆ ಬೇಕೇ ಬೇಕಿತ್ತು. ಅಡ್ಡ ಬಂದದ್ದು ಒಂದೇ: ಬೇರೆ ಅಂಗಡಿಗೆ ಕೊಡಬಾರದು ಎನ್ನುವ ಮಾತು. ಬಳ್ಳಾರಿಯದೇ ಬ್ರೂಸ್‌ಪೇಟೆಯ ಹಳೆಯ ಕಿರಾಣಿ ಅಂಗಡಿಯೊಂದು ನಾನು ಮೊದಲ ಬುಟ್ಟಿ ಹೊತ್ತು ಹೋದ ದಿನದಿಂದ ನನ್ನ ಮಾಲು ಇಟ್ಟುಕೊಂಡಿತ್ತು. ಅಲ್ಲಿನ ಸಾವ್ಕಾರ್ರು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಬಂದವರಿಗೆ ಅಂಗೈ ಮೇಲೆ ಚಿಟಿಕೆ ಪುಡಿ ಹಾಕಿ ರುಚಿ ತೋರಿಸುತ್ತಿದ್ದರು. ಅವರಿಗೆ ಏನೆಂದು ಹೇಳುವುದು?

ಹೇಳಲೆಂದೇ ಹೋದೆ. ಕೇಳಿಸಿಕೊಂಡು ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿಮ್ಮೊಬ್ರಿಗೇ ಅಲ್ಲರಿ ತಂಗಿ ಇದು," ಎಂದರು. "ಹಪ್ಪಳದವ್ರು, ಉಪ್ಪಿನಕಾಯಿಯವ್ರು, ಅವಲಕ್ಕಿಯವ್ರು, ಎಲ್ರೂ ಇದನ್ನ ಹೇಳ್ತಾರ. ನಾಳೆ ನಮ್ಮ ಅಂಗಡಿ ಮಾಳಿಗಿ ಮ್ಯಾಲ ಕೂಡ್ತಾರ. ನೀವೂ ಬರ‍್ರಿ."

ಹೋದೆ. ಗೋಣಿಚೀಲಗಳ ನಡುವೆ ಜಮಖಾನ ಹಾಸಿದ್ದರು. ನನಗಿಂತ ಮೊದಲೇ ನೆಗೆಣ್ಣಿ ಬಂದು ಕೂತಿದ್ದಳು. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ನಿಮಗ ನಡುವಿನ ಸಾಲು ಕೊಡ್ತೀನಿ ಅಂದಾರಂತಲ್ಲಕ್ಕ," ಎಂದಳು.

"ಯಾರು ಹೇಳಿದ್ರು?"

"ಮ್ಯಾನೇಜರ್ ಅವ್ನ. ನಿಮ್ಮಕ್ಕ ಒಪ್ಪತಾಳ, ನೀವ್ಯಾಕ ಜಗಳಾಡ್ತೀರಿ ಅಂದ." ಆಮೇಲೆ ನನ್ನ ಕಡೆ ತಿರುಗಿ, "ತಗೋರಿ. ಆದ್ರ ಏನೇನು ಷರತ್ತು ಅಂತ ಬರದು ಕೊಡು ಅನ್ರಿ. ನಾನು ಬಾಯಿಮಾತು ನಂಬಿದೆ," ಎಂದಳು.

ನನ್ನನ್ನು ತೋರಿಸಿ ಆಕೆಯನ್ನು ಹೆದರಿಸಿದ್ದಾರೆ. ಆಕೆಯನ್ನು ತೋರಿಸಿ ನನ್ನನ್ನು ಕೆಳಗೆ ಕೂರಿಸಿದ್ದರು. ಅದು ತಿಳಿದಾಗ ಸಿಟ್ಟು ಬಂದದ್ದು ಮಳಿಗೆಯ ಮೇಲೆ. ಹೊಟ್ಟೆಕಿಚ್ಚು ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಯಾಕೆಂದರೆ ಆ ದಿನ ಮಾಳಿಗೆಯ ಮೇಲೆ ಎಲ್ಲರ ಪರವಾಗಿ ಮಾತಾಡಿದವಳೂ ಆಕೆಯೇ. ಮಳಿಗೆಯ ಮಾಲೀಕರನ್ನು ಸಾವ್ಕಾರ್ರೇ ಕರೆಸಿದ್ದರು. ಆ ಮಾಲೀಕರು ಕೆಟ್ಟವರಲ್ಲ. "ನನಗೂ ದೊಡ್ಡ ಕಂಪನಿಯವ್ರು ಹಿಂಗ ಮಾಡ್ತಾರ. ಫೋನ್‌ನ್ಯಾಗ ಒತ್ತಿದ್ರ ಮನಿಗೆ ಸಾಮಾನು ಬರೋ ಕಾಲ, ಗಿರಾಕಿ ಕಮ್ಮಿ ಆಗ್ಯಾರ. ನಾ ಯಾರ ಮ್ಯಾಲ ಹಾಕ್ಲಿ?" ಎಂದರು.

ನೆಗೆಣ್ಣಿ ದನಿ ಏರಿಸಲಿಲ್ಲ. "ಹಾಕ್ರಿ ಮಾಲಕ್ರ," ಎಂದಳು. "ಮೊದಲ ಹೇಳಿ ಹಾಕ್ರಿ. ಮಾಲು ಬಸ್ ಹತ್ತಿದ ಮ್ಯಾಲ ಬ್ಯಾಡ ಅಂದ್ರ ನಾವೇನ್ ಮಾಡೋಣ್ರಿ? ಹಬ್ಬದ ಆಫರ್ ಕೇಳಿ ಮಾಡ್ರಿ, ಅರ್ಧ ನೀವು ಹೊರ‍್ರಿ. ನಮ್ಮ ತಪ್ಪಿನಿಂದ ಕೆಟ್ರ ವಾಪಸ್ ಕಳಸ್ರಿ, ನಿಮ್ ಅಂಗಡ್ಯಾಗ ಹರಿದ್ರ ನಿಮ್ದು."

ಎಲ್ಲರೂ ಖರೆ ಐತಿ, ಖರೆ ಐತಿ ಎಂದರು. ಆ ಮಾತುಗಳನ್ನೆಲ್ಲ ನಾನು ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಆಡಿ ಆಡಿ ಇಟ್ಟುಕೊಂಡಿದ್ದೆ. ಆಕೆ ಆಡಿಬಿಟ್ಟಳು. ನನಗೆ ಉಳಿದದ್ದು ಒಂದೇ ಮಾತು. ಅದನ್ನು ಹೇಳಿದೆ: "ನಡುವಿನ ಸಾಲು ಒಬ್ರದೇ ಆಗಬಾರ‍್ದು. ತಿಂಗಳಿಗೊಬ್ರದು ಇಡ್ರಿ." ನನ್ನ ದನಿ ನನಗೇ ಗಡುಸಾಗಿ ಕೇಳಿಸಿತು. ಯಾರೂ ನನ್ನ ಕಡೆ ತಿರುಗಿ ಖರೆ ಐತಿ ಎನ್ನಲಿಲ್ಲ. ಆದರೆ ಮಾಲೀಕರು, "ಅದು ಆಗಬಹುದು," ಎಂದರು.

ಒಪ್ಪಂದ ಅಂದೇ ಆಗಲಿಲ್ಲ. ಹಬ್ಬದ ಮುಂದೆ ಹಪ್ಪಳದವರಿಂದ ಅವಲಕ್ಕಿಯವರ ತನಕ ಯಾರೂ ಮಾಲು ಕಳಿಸದೆ ಸುಮ್ಮನೆ ಕೂತರು. ನಾನೂ ಕೂತೆ. ಮ್ಯಾನೇಜರ್ ಮತ್ತೆ ಮತ್ತೆ ಫೋನ್ ಮಾಡಿದ. ತೆಗೆಯಬೇಕೆಂದು ಕೈ ಕಡಿಯುತ್ತಿತ್ತು. ತೆಗೆಯಲಿಲ್ಲ. ಕೊನೆಗೆ ಮಾಲೀಕರೇ ಬ್ರೂಸ್‌ಪೇಟೆಗೆ ಬಂದು, ಹೇಳಿದ್ದನ್ನೆಲ್ಲ ಬರೆಸಿ ಸಹಿ ಹಾಕಿದರು. ಬೇರೆ ಅಂಗಡಿಗೆ ಕೊಡಬಾರದು ಎನ್ನುವುದು ಹೋಯಿತು. ನಿಲ್ಲಿಸಿದ್ದ ನೆಗೆಣ್ಣಿಯ ಮಾಲನ್ನೂ ಮತ್ತೆ ತೆಗೆದುಕೊಂಡರು. ನಡುವಿನ ಸಾಲು ಸರದಿಯ ಮೇಲೆ ಬಂತು. ಮೊದಲ ಸರದಿ ನನ್ನದು.

ಆ ತಿಂಗಳು ಬಳ್ಳಾರಿಗೆ ಹೋಗುವಾಗ ಒಳ್ಳೆಯ ಸೀರೆ ಉಟ್ಟು ಹೋದೆ. ನನ್ನ ಪ್ಯಾಕೆಟ್ಟುಗಳು ದೀಪದ ಕೆಳಗೆ ಕೆಂಪಗೆ ಮಿಂಚುತ್ತಿದ್ದವು. ಸ್ವಲ್ಪ ದೂರ ನಿಂತು ನೋಡುತ್ತಿದ್ದೆ. ಒಬ್ಬ ಹೆಣ್ಣುಮಗಳು ಬಂದಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿರಬೇಕು, ಬಿಳಿ ಕೋಟು ತೋಳಿನ ಮೇಲಿತ್ತು. ನನ್ನ ಪ್ಯಾಕೆಟ್ ಎತ್ತಿಕೊಂಡಳು, ಹೆಸರು ಓದಿದಳು, ಇಟ್ಟಳು. ಆಮೇಲೆ ಅಲ್ಲಿ ಇಲ್ಲಿ ಹುಡುಕಿ, ಸೀರೆ ಒತ್ತರಿಸಿ ಮೊಣಕಾಲೂರಿ ಕುಳಿತು, ಕೆಳಗಿನ ಸಾಲಿನಿಂದ ನೆಗೆಣ್ಣಿಯ ಪುಡಿ ಎರಡು ತೆಗೆದುಕೊಂಡಳು.

ಅವಳ ಹಿಂದೆಯೇ ಇನ್ನೊಬ್ಬರು ನನ್ನದನ್ನೂ ಕೊಂಡರು, ಇಲ್ಲವೆಂದಲ್ಲ. ಆದರೆ ನಾನು ಮೊಣಕಾಲೂರಿದವಳನ್ನು ಮರೆಯಲಾರದೆ ಹೋದೆ. ಅಲ್ಲಿಯ ತನಕ ಜಾಗ ಸರಿಯಿಲ್ಲ, ಮ್ಯಾನೇಜರ್ ಸರಿಯಿಲ್ಲ ಎನ್ನಲು ದಾರಿ ಇತ್ತು. ಈಗ ಎಲ್ಲವೂ ನ್ಯಾಯವಾಗಿತ್ತು. ಅನ್ಯಾಯದ ಹೊತ್ತಿನಲ್ಲಿ ಹೊಟ್ಟೆಕಿಚ್ಚು ಪಡುವುದು ಎಷ್ಟೋ ಸುಲಭ.

ಆಕೆಯ ಪ್ಯಾಕೆಟ್ ಒಂದನ್ನು ಕೊಂಡು ತಂದೆ. ಅತ್ತೆ ಮಲಗಿದ್ದಾಗ ಬಿಸಿ ರೊಟ್ಟಿಗೆ ಎಣ್ಣೆ ಸವರಿ ಹಚ್ಚಿಕೊಂಡು ತಿಂದೆ. ಚೆನ್ನಾಗಿತ್ತು. ನನ್ನದರಲ್ಲಿ ಖಾರ ಮೊದಲು ಬರುತ್ತದೆ. ಆಕೆಯದರಲ್ಲಿ ಶೇಂಗಾ ಮೊದಲು ಬಂದು, ಖಾರ ಆಮೇಲೆ ನಿಧಾನ ಬರುತ್ತದೆ. ಇನ್ನೊಂದು ರೊಟ್ಟಿ ತಿಂದು ಫೋನ್ ಮಾಡಿದೆ.

"ಶೇಂಗಾ ಹೆಂಗ ಹುರೀತೀ?" ಎಂದೆ. ಬೇರೆ ಪೀಠಿಕೆ ಹಾಕಲು ಮನಸ್ಸಾಗಲಿಲ್ಲ.

"ಉಸುಕಿನ್ಯಾಗ ಹುರೀತೀನಕ್ಕ, ಸಣ್ಣ ಉರಿ. ಪೂರ್ತಿ ಆರಿದ ಮ್ಯಾಲ ಬೆಳ್ಳುಳ್ಳಿ ಹಾಕ್ತೀನಿ. ಬಿಸಿ ಇದ್ದಾಗ ಹಾಕಿದ್ರ ಲಗೂ ಕೆಡ್ತದ." ಹೀಗೆ ಎಲ್ಲವನ್ನೂ ಹೇಳಿಬಿಟ್ಟಳು. ಏನನ್ನೂ ಬಚ್ಚಿಡಲಿಲ್ಲ. ನಾನಾಗಿದ್ದರೆ ಒಂದನ್ನಾದರೂ ಬಚ್ಚಿಡುತ್ತಿದ್ದೆ. ಅದಕ್ಕೂ ಉರಿದುಕೊಂಡೆ.

ಹಾಗೆ ಹುರಿದು ನೋಡಿದೆ. ನನ್ನ ಕೈಯಲ್ಲಿ ಅದು ಬೇರೆಯೇ ಆಯಿತು. ಕೊನೆಗೆ ಆ ಮಳಿಗೆಗೆ ಶೇಂಗಾ ಪುಡಿ ಕಡಿಮೆ ಮಾಡಿ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ ಕಳಿಸತೊಡಗಿದೆ. ಕುರುಗೋಡಿನ ಸುತ್ತಿನ ಹೊಲಗಳ ಗುರೆಳ್ಳನ್ನು ನಾನೇ ಆರಿಸಿ ತರುತ್ತೇನೆ. ಅದು ಹೋಗುತ್ತಿದೆ, ಯಾವ ಸಾಲಿನಲ್ಲಿಟ್ಟರೂ ಹೋಗುತ್ತಿದೆ. ಅತ್ತೆ ತಿಂದು, "ಇದು ನಿಂದ," ಎಂದರು. ಹೊಗಳಿದ್ದೋ ಗುರುತು ಹಿಡಿದದ್ದೋ ಕೇಳಲಿಲ್ಲ.

ಮೊನ್ನೆ ಬ್ರೂಸ್‌ಪೇಟೆಯಲ್ಲಿ ಮತ್ತೆ ಕೂಡಿದ್ದೆವು. ಒಪ್ಪಂದಕ್ಕೆ ವರ್ಷ ತುಂಬಿತ್ತು. ಮಳಿಗೆಯವರಿಗೂ ನಮಗೂ ತಕರಾರು ಬಂದರೆ ನಮ್ಮ ಕಡೆಯಿಂದ ಮಾತಾಡಲು ಒಬ್ಬರು ಬೇಕೆಂದು ಸಾವ್ಕಾರ್ರು ಹೇಳಿದರು. ಹಪ್ಪಳದಾಕೆ ನೆಗೆಣ್ಣಿಯ ಕಡೆ ಕೈ ಮಾಡಿದಳು. ಒಪ್ಪುವವರು ಕೈ ಎತ್ತಿ ಎಂದರು. ಸುತ್ತಲೂ ಕೈಗಳು ಎದ್ದವು. ನೆಗೆಣ್ಣಿ ಯಾರನ್ನೂ ನೋಡದೆ ಜಮಖಾನದ ಎಳೆ ಕೀಳುತ್ತಾ ಕೂತಿದ್ದಳು. ನಾನೂ ಕೈ ಎತ್ತಿದೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ.